ನಿಮ್ಮ ನಗರದ ಪಂಕ್ ರಾಕ್ ಶೋಗಳಿಗೆ ಹೋಗುವುದು ಹೇಗೆ: ಮೊದಲ ಸಂಜೆಯಿಂದ ಮೊದಲ್ಗೊಂಡು ಒಂದು ಸಮಗ್ರ ಮಾರ್ಗದರ್ಶಿ

ಪಂಕ್ ರಾಕ್ ಅನ್ನು, ಅಂದರೆ ವೇಗದ, ಒರಟು ದನಿಯ, ಸರಳ ರಾಕ್ ಸಂಗೀತವನ್ನು, ಮನಸಾರೆ ಮೆಚ್ಚುವ ಅನೇಕರು ಅದನ್ನು ಹೆಡ್‌ಫೋನಿನಲ್ಲಷ್ಟೇ ಕೇಳಿರುತ್ತಾರೆ. ಹಳೆಯ ಆಲ್ಬಮ್‌ಗಳ ಹಾಡುಗಳೆಲ್ಲ ಬಾಯಿಪಾಠವಾಗಿದ್ದರೂ, ತಾವು ವಾಸಿಸುವ ನಗರದಲ್ಲೇ, ದಿನವೂ ಓಡಾಡುವ ರಸ್ತೆಯಿಂದ ಸ್ವಲ್ಪ ಒಳಗೆ, ಯಾವುದೋ ನೆಲಮಾಳಿಗೆಯಲ್ಲೋ ಸಮುದಾಯ ಭವನದಲ್ಲೋ ಅದೇ ಸಂಜೆ ಮೂರು ಬ್ಯಾಂಡ್‌ಗಳು ನುಡಿಸಲಿವೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ತಿಳಿದವರಲ್ಲೂ ಹಲವರು ಅಲ್ಲಿ ತಮ್ಮಂಥವರಿಗೆ ಜಾಗವಿದೆಯೋ ಇಲ್ಲವೋ ಎಂಬ ಅಳುಕಿನಿಂದ ಹಿಂದೆ ಸರಿಯುತ್ತಾರೆ. ಈ ಮಾರ್ಗದರ್ಶಿಯನ್ನು ಆ ಎರಡೂ ಬಗೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ.

ದೊಡ್ಡ ಮೈದಾನದ ಸಂಗೀತ ಕಾರ್ಯಕ್ರಮದಲ್ಲಿ ಪ್ರೇಕ್ಷಕ ಗ್ರಾಹಕನಾಗಿರುತ್ತಾನೆ. ಅವನು ಬಂದರೂ ಬಾರದಿದ್ದರೂ ಕಾರ್ಯಕ್ರಮ ನಡೆಯುತ್ತದೆ. ಐವತ್ತು ಮಂದಿ ಹಿಡಿಸುವ ಕೋಣೆಯಲ್ಲಿ ಹಾಗಲ್ಲ. ಅಲ್ಲಿಗೆ ಬಂದವರು ಎಷ್ಟು ಮಂದಿ, ಯಾವಾಗ ಬಂದರು, ಎಲ್ಲಿ ನಿಂತರು, ಒಬ್ಬರೊಡನೊಬ್ಬರು ಹೇಗೆ ನಡೆದುಕೊಂಡರು ಎಂಬುದರ ಮೇಲೆಯೇ ಆ ಸಂಜೆ ಏಳುತ್ತದೆ ಅಥವಾ ಬೀಳುತ್ತದೆ. 1976ರ ಜೂನ್ 4ರಂದು ಮ್ಯಾಂಚೆಸ್ಟರ್‌ನ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಲಂಡನ್ನಿನ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್ ನುಡಿಸಿದಾಗ ಸಭಾಂಗಣ ತುಂಬಿರಲಿಲ್ಲ. ಆ ಕಾರ್ಯಕ್ರಮವನ್ನು ಏರ್ಪಡಿಸಿದ್ದ ಹೊವರ್ಡ್ ಡಿವೊಟೊ ಮತ್ತು ಪೀಟ್ ಶೆಲ್ಲಿ ಬಜ್‌ಕಾಕ್ಸ್ ಬ್ಯಾಂಡಿನವರು; ಅಂದು ಸಭೆಯಲ್ಲಿದ್ದ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ಮುಂದೆ ಜಾಯ್ ಡಿವಿಷನ್ ಬ್ಯಾಂಡಿನ ಸ್ಥಾಪಕರಾದರು. ವೇದಿಕೆಯ ಮೇಲಿದ್ದವರಷ್ಟೇ ಕೆಳಗಿದ್ದವರೂ ಆ ಸಂಜೆಯ ಇತಿಹಾಸವನ್ನು ಮಾಡಿದರು. ಹೋಗುವಾಗ ನೀವೂ ಕೆಳಗಿದ್ದು ಶೋ ನಡೆಸುವವರಲ್ಲಿ ಒಬ್ಬರು ಎಂದು ತಿಳಿದೇ ಹೋಗಿ. ಮುಂದೆ ಹೇಳುವ ಪ್ರತಿಯೊಂದು ಹಂತವೂ ಈ ಒಂದು ತಿಳಿವಳಿಕೆಯಿಂದಲೇ ಹೊರಡುತ್ತದೆ.

ಹಂತ 1: ಶೋ ಎಲ್ಲಿದೆ ಎಂದು ಕಂಡುಕೊಳ್ಳುವುದು

ಸಣ್ಣ ಪಂಕ್ ಶೋಗಳಿಗೆ ದೊಡ್ಡ ಜಾಹೀರಾತು ಇರುವುದಿಲ್ಲ. ಟಿಕೆಟ್ ಮಾರುವ ದೊಡ್ಡ ಆ್ಯಪ್‌ಗಳಲ್ಲಿ ಹುಡುಕಿ, ಏನೂ ಸಿಗದೆ, ತಮ್ಮ ನಗರದಲ್ಲಿ ಪಂಕ್ ಸಂಗೀತವೇ ಇಲ್ಲವೆಂದು ತೀರ್ಮಾನಿಸುವವರು ಬಹಳ. ಸುಲಭವಾದ ದಾರಿ ಬೇರೆಯೇ ಇದೆ. ನಿಮ್ಮ ನಗರದ ಒಂದೇ ಒಂದು ಸ್ಥಳೀಯ ಬ್ಯಾಂಡನ್ನು ಮೊದಲು ಹಿಡಿಯಿರಿ. ಬ್ಯಾಂಡ್‌ಗಳು ತಮ್ಮ ಹಾಡುಗಳನ್ನು ಹಾಕಿ ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ಅಂತರ್ಜಾಲ ತಾಣದಲ್ಲಿ ನಗರದ ಹೆಸರು ಮತ್ತು ಪಂಕ್ ಎಂಬ ಗುರುತು, ಇವೆರಡನ್ನು ಸೇರಿಸಿ ಹುಡುಕಿದರೆ ಸಾಮಾನ್ಯವಾಗಿ ಏನಾದರೊಂದು ಸಿಗುತ್ತದೆ. ಆ ಬ್ಯಾಂಡಿನ ಇನ್‌ಸ್ಟಾಗ್ರಾಮ್ ಪುಟಕ್ಕೆ ಹೋಗಿ ಹಿಂದಿನ ಶೋಗಳ ಪೋಸ್ಟರ್‌ಗಳನ್ನು ಸಾವಧಾನವಾಗಿ ಓದಿ. ಒಂದು ಪೋಸ್ಟರ್‌ನಲ್ಲಿ ಜೊತೆಗೆ ನುಡಿಸಿದ ಇನ್ನೂ ಎರಡು ಮೂರು ಬ್ಯಾಂಡ್‌ಗಳ ಹೆಸರು, ಶೋ ನಡೆದ ಜಾಗದ ಹೆಸರು, ಏರ್ಪಡಿಸಿದವರ ಹೆಸರು ಇರುತ್ತವೆ. ಅವರೆಲ್ಲರ ಪುಟಗಳನ್ನೂ ಅನುಸರಿಸಿದರೆ, ಒಂದು ವಾರ ಕಳೆಯುವಷ್ಟರಲ್ಲಿ ಮುಂದಿನ ಶೋಗಳ ಸುದ್ದಿ ತಾನಾಗಿ ನಿಮ್ಮ ಬಳಿಗೆ ಬರತೊಡಗುತ್ತದೆ.

ಕಾಗದದ ಪೋಸ್ಟರ್‌ಗಳನ್ನೂ ಕಡೆಗಣಿಸಬೇಡಿ. ಹಳೆಯ ರೆಕಾರ್ಡ್ ಮಾರುವ ಅಂಗಡಿ, ಸಂಗೀತ ವಾದ್ಯಗಳ ಅಂಗಡಿ, ಬ್ಯಾಂಡ್‌ಗಳು ಅಭ್ಯಾಸ ಮಾಡುವ ಕೋಣೆಗಳು, ಕಾಲೇಜುಗಳ ಫಲಕ, ಸೆಕೆಂಡ್‌ಹ್ಯಾಂಡ್ ಪುಸ್ತಕದಂಗಡಿ, ಇಂಥ ಕಡೆಗಳಲ್ಲಿ ಜೆರಾಕ್ಸ್ ಪೋಸ್ಟರ್‌ಗಳು ಈಗಲೂ ಅಂಟಿಕೊಂಡಿರುತ್ತವೆ. ಕತ್ತರಿ, ಅಂಟು, ಜೆರಾಕ್ಸ್ ಯಂತ್ರ ಇಷ್ಟರಲ್ಲೇ ಕೆಲಸ ಮುಗಿಸುವ ಈ ರೂಢಿ ಪಂಕ್‌ನಷ್ಟೇ ಹಳೆಯದು. 1976ರಲ್ಲಿ ಲಂಡನ್ನಿನ ಮಾರ್ಕ್ ಪೆರಿ ಹೊರತಂದ ಸ್ನಿಫಿನ್ ಗ್ಲೂ ಎಂಬ ಪತ್ರಿಕೆಯೂ ಹೀಗೆಯೇ ಜೆರಾಕ್ಸ್ ಹಾಳೆಗಳಲ್ಲಿ ಬಂದದ್ದು. ರೆಕಾರ್ಡ್ ಅಂಗಡಿಯ ಕೌಂಟರಿನಲ್ಲಿರುವವರನ್ನು ಈ ವಾರ ಒಳ್ಳೆಯ ಶೋ ಯಾವುದಿದೆ ಎಂದು ಕೇಳಲು ಸಂಕೋಚ ಪಡಬೇಡಿ. ಅವರಲ್ಲಿ ಯಾರಾದರೊಬ್ಬರು ಸ್ವತಃ ಬ್ಯಾಂಡಿನಲ್ಲಿರುವ ಸಾಧ್ಯತೆ ಹೆಚ್ಚು.

ಮನೆಗಳಲ್ಲಿ ನಡೆಯುವ ಶೋಗಳ ಪೋಸ್ಟರ್‌ನಲ್ಲಿ ಕೆಲವೊಮ್ಮೆ ವಿಳಾಸವೇ ಇರುವುದಿಲ್ಲ. ಇದು ಹೊಸಬರನ್ನು ದೂರವಿಡುವ ಹುನ್ನಾರವಲ್ಲ. ನೆರೆಹೊರೆಯವರ ದೂರು ಮತ್ತು ಅಪರಿಚಿತರ ನುಗ್ಗಾಟದಿಂದ ಆ ಮನೆಯನ್ನು ಉಳಿಸಿಕೊಳ್ಳುವ ಎಚ್ಚರ. ಬ್ಯಾಂಡಿಗೋ ಏರ್ಪಡಿಸುವವರಿಗೋ ಸಂದೇಶ ಕಳುಹಿಸಿ, ನೀವು ಯಾರು, ಶೋ ಸುದ್ದಿ ಎಲ್ಲಿ ತಿಳಿಯಿತು ಎಂದು ಒಂದೆರಡು ವಾಕ್ಯದಲ್ಲಿ ಹೇಳಿದರೆ ವಿಳಾಸ ಸಿಗುತ್ತದೆ. ಹಾಗೆ ಸಿಕ್ಕ ವಿಳಾಸವನ್ನು ಎಲ್ಲೂ ಬಹಿರಂಗವಾಗಿ ಹಾಕಬೇಡಿ.

ಹಂತ 2: ಮೊದಲ ಶೋ ಆರಿಸುವುದು

ಮೊದಲ ಬಾರಿಗೆ ಹೋಗುವವರು ಸಾಮಾನ್ಯವಾಗಿ ಹೆಸರುವಾಸಿ ಬ್ಯಾಂಡಿನ ಶೋಗಾಗಿ ಕಾಯುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧವಾದುದು: ವಾರದ ನಡುವೆ, ಸ್ಥಳೀಯ ಬ್ಯಾಂಡ್‌ಗಳೇ ನುಡಿಸುವ, ಜನ ಕಡಿಮೆ ಬರುವ ಶೋ ಒಂದನ್ನು ಆರಿಸಿಕೊಳ್ಳಿ. ಜನಸಂದಣಿ ಇಲ್ಲದ ಕೋಣೆಯಲ್ಲಿ ಎಲ್ಲಿ ನಿಲ್ಲಬೇಕು, ಶಬ್ದ ಎಲ್ಲಿ ಚೆನ್ನಾಗಿ ಕೇಳಿಸುತ್ತದೆ, ಹೊರಗೆ ಹೋಗುವ ಬಾಗಿಲು ಯಾವುದು ಎಂಬುದೆಲ್ಲ ನಿಧಾನವಾಗಿ ಅರಿವಾಗುತ್ತದೆ. ಬ್ಯಾಂಡಿನವರೊಡನೆ ಮಾತಾಡುವ ಅವಕಾಶವೂ ಸಿಗುತ್ತದೆ.

ಪಂಕ್ ಎಂಬ ಒಂದೇ ಹೆಸರಿನ ಕೆಳಗೆ ಬಹಳ ಬೇರೆ ಬೇರೆ ಸಂಜೆಗಳಿರುತ್ತವೆ ಎಂಬುದನ್ನೂ ತಿಳಿದಿರಬೇಕು. ಪಾಪ್ ಪಂಕ್ ಶೋನಲ್ಲಿ ಜನ ಹಾಡುಗಾರರ ಜೊತೆಗೇ ಕೂಗಿ ಹಾಡುತ್ತಾರೆ, ಕುಣಿಯುತ್ತಾರೆ. ಹಾರ್ಡ್‌ಕೋರ್ ಶೋನಲ್ಲಿ ಹಾಡುಗಳು ಗಿಡ್ಡ, ವೇಗ ವಿಪರೀತ, ವೇದಿಕೆಯ ಮುಂದಿನ ಓಡಾಟವೂ ಒರಟು. ಪೋಸ್ಟ್ ಪಂಕ್ ಶೋನಲ್ಲಿ ಬಹುತೇಕರು ನಿಂತಲ್ಲೇ ತಲೆದೂಗುತ್ತಾರೆ. ಪೋಸ್ಟರ್‌ನಲ್ಲಿರುವ ಪ್ರತಿ ಬ್ಯಾಂಡಿನ ಎರಡು ಹಾಡುಗಳನ್ನು ಮುಂಚಿತವಾಗಿ ಕೇಳಿದರೆ ಯಾವ ಬಗೆಯ ಸಂಜೆಗೆ ಹೋಗುತ್ತಿದ್ದೀರಿ ಎಂಬ ಅಂದಾಜು ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ತಯಾರಿ ಬೇಕಿಲ್ಲ.

ವಯಸ್ಸಿನ ನಿಯಮವನ್ನು ಮಾತ್ರ ತಪ್ಪದೆ ನೋಡಿ. ಮದ್ಯ ಮಾರುವ ಜಾಗಗಳಲ್ಲಿ ನಿರ್ದಿಷ್ಟ ವಯಸ್ಸಿಗಿಂತ ಕಿರಿಯರಿಗೆ ಪ್ರವೇಶ ಇರುವುದಿಲ್ಲ. ಎಲ್ಲ ವಯಸ್ಸಿನವರಿಗೂ ಎಂದು ಬರೆದಿರುವ ಶೋಗಳಲ್ಲಿ ಆ ತೊಡಕಿಲ್ಲ. ಈ ಪ್ರಶ್ನೆಯನ್ನು ಪಂಕ್ ಸಂಗೀತಗಾರರು ಬಹಳ ಹಿಂದೆಯೇ ಗಂಭೀರವಾಗಿ ತೆಗೆದುಕೊಂಡರು. 1980ರಲ್ಲಿ ವಾಷಿಂಗ್ಟನ್ನಿನ ಟೀನ್ ಐಡಲ್ಸ್ ಬ್ಯಾಂಡಿನ ಹುಡುಗರು ಸ್ಯಾನ್ ಫ್ರಾನ್ಸಿಸ್ಕೋದ ಮಬುಹೇ ಗಾರ್ಡನ್ಸ್ ಕ್ಲಬ್‌ನಲ್ಲಿ ನುಡಿಸಲು ಹೋದಾಗ, ಮದ್ಯ ಕೊಡಕೂಡದೆಂಬ ಗುರುತಾಗಿ ಅವರ ಕೈಗಳ ಮೇಲೆ ಕಪ್ಪು ಶಾಯಿಯಲ್ಲಿ ದೊಡ್ಡ ಎಕ್ಸ್ (X) ಚಿಹ್ನೆ ಬರೆಯಲಾಯಿತು. ಅವರು ಊರಿಗೆ ಮರಳಿ, ಅದೇ ಚಿಹ್ನೆ ಹಾಕಿ ಕಿರಿಯರನ್ನೂ ಒಳಗೆ ಬಿಡಿ ಎಂದು ತಮ್ಮ ನಗರದ ಕ್ಲಬ್ಬುಗಳನ್ನು ಒಪ್ಪಿಸಿದರು. ಆ ಗುರುತು ಮುಂದೆ ಮದ್ಯ ಮಾದಕವಸ್ತುಗಳಿಂದ ದೂರವಿರುವ ಸ್ಟ್ರೇಟ್ ಎಡ್ಜ್ ಪಂಕ್‌ಗಳ ಚಿಹ್ನೆಯಾಯಿತು. ಕುಡಿಯದವರು ಪಂಕ್ ಶೋನಲ್ಲಿ ಹೊರಗಿನವರಾಗುತ್ತಾರೆಂಬ ಭಯಕ್ಕೆ ಆಧಾರವಿಲ್ಲ.

ಹಂತ 3: ಕಿವಿಯ ರಕ್ಷಣೆ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ. ಸಣ್ಣ ಕೋಣೆಯ ರಾಕ್ ಶೋನಲ್ಲಿ ಶಬ್ದದ ಮಟ್ಟ ಸುಲಭವಾಗಿ 100 ಡೆಸಿಬಲ್ ದಾಟುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಶಿಫಾರಸಿನ ಪ್ರಕಾರ 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಾಳಬಹುದು. ಅಲ್ಲಿಂದ ಮೇಲಕ್ಕೆ ಪ್ರತಿ 3 ಡೆಸಿಬಲ್‌ಗೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, ಹೀಗೆ ಲೆಕ್ಕ ಹಾಕುತ್ತ ಹೋದರೆ 100 ಡೆಸಿಬಲ್‌ಗೆ ಉಳಿಯುವುದು ಕೇವಲ 15 ನಿಮಿಷ. ಮೂರು ಬ್ಯಾಂಡ್‌ಗಳ ಸಂಜೆ ಎರಡು ಮೂರು ಗಂಟೆ ನಡೆಯುತ್ತದೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಕೂದಲಿನಂಥ ಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇಯರ್‌ಪ್ಲಗ್ ಹಾಕುವುದು ಅಂಜುಬುರುಕತನ ಎಂದು ಯಾರಾದರೂ ಹೇಳಿದರೆ ವೇದಿಕೆಯತ್ತ ನೋಡಿ; ನುಡಿಸುತ್ತಿರುವವರಲ್ಲಿ ಹಲವರ ಕಿವಿಯಲ್ಲೂ ಅದು ಇರುತ್ತದೆ.

ಅಗ್ಗದ ಫೋಮ್ ಪ್ಲಗ್‌ಗಳು ಸಾಕಷ್ಟು ರಕ್ಷಣೆ ಕೊಡುತ್ತವೆ, ಆದರೆ ಸರಿಯಾಗಿ ಹಾಕಿಕೊಂಡಾಗ ಮಾತ್ರ. ಕೈಯನ್ನು ಚೊಕ್ಕವಾಗಿಸಿಕೊಂಡು, ಪ್ಲಗ್ಗನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸುಕ್ಕಿಲ್ಲದ ಸಣ್ಣ ಬತ್ತಿಯಾಗುವಂತೆ ಹೊಸೆಯಿರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯ ಮೇಲ್ತುದಿಯನ್ನು ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಆಗ ಕಿವಿಯ ನಾಳ ನೇರವಾಗುತ್ತದೆ. ಹೊಸೆದ ಪ್ಲಗ್ಗನ್ನು ಬಲಗೈಯಿಂದ ಒಳಗೆ ತೂರಿಸಿ, ಅದು ಉಬ್ಬಿ ನಾಳವನ್ನು ತುಂಬುವವರೆಗೆ, ಅಂದರೆ ಸುಮಾರು ಅರ್ಧ ನಿಮಿಷ, ಬೆರಳ ತುದಿಯಿಂದ ಒತ್ತಿ ಹಿಡಿಯಿರಿ. ನಿಮ್ಮದೇ ದನಿ ತಲೆಯೊಳಗೆ ಗುಂಯ್‌ಗುಟ್ಟಿದಂತೆ ಕೇಳಿಸಿದರೆ ಸರಿಯಾಗಿ ಕೂತಿದೆ ಎಂದರ್ಥ. ಕನ್ನಡಿಯಲ್ಲಿ ನೋಡಿದಾಗ ಪ್ಲಗ್ಗಿನ ಬಹುಭಾಗ ಹೊರಗೇ ಕಾಣಿಸುತ್ತಿದ್ದರೆ ತೆಗೆದು ಮತ್ತೆ ಹಾಕಿಕೊಳ್ಳಿ. ಇದನ್ನು ಮನೆಯಲ್ಲಿ ಎರಡು ಮೂರು ಬಾರಿ ಅಭ್ಯಾಸ ಮಾಡಿಕೊಂಡೇ ಹೋಗುವುದು ಒಳ್ಳೆಯದು, ಏಕೆಂದರೆ ಕತ್ತಲ ಕೋಣೆಯಲ್ಲಿ ಮೊದಲ ಹಾಡು ಆರಂಭವಾದ ಮೇಲೆ ಅವಸರದಲ್ಲಿ ಹಾಕಿಕೊಂಡ ಪ್ಲಗ್ ಅರೆಬರೆಯಾಗಿ ಕೂರುತ್ತದೆ.

ಫೋಮ್ ಪ್ಲಗ್‌ಗಳು ಎತ್ತರದ ಸ್ವರಗಳನ್ನು ಹೆಚ್ಚು ನುಂಗುವುದರಿಂದ ಹಾಡು ಮಂಕಾಗಿ ಕೇಳಿಸಬಹುದು. ಶೋಗಳಿಗೆ ಹೋಗುವುದು ರೂಢಿಯಾದ ಮೇಲೆ, ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ, ಸಂಗೀತಕ್ಕೆಂದೇ ಮಾಡಿದ, ತೊಳೆದು ಮತ್ತೆ ಬಳಸಬಹುದಾದ ಪ್ಲಗ್ ಕೊಳ್ಳಿ. ಶೋ ಮುಗಿದ ಮೇಲೆ ಕಿವಿಯಲ್ಲಿ ಸಿಳ್ಳಿನಂಥ ಸದ್ದು ಉಳಿದರೆ ಅದು ಶಬ್ದ ಮಿತಿ ಮೀರಿತ್ತು ಎಂಬುದರ ಸೂಚನೆ. ಒಂದೆರಡು ದಿನಗಳಲ್ಲಿ ಅದು ಹೋಗದಿದ್ದರೆ ಅಥವಾ ಒಂದು ಕಿವಿ ಮಂದವಾದಂತೆ ಅನ್ನಿಸಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಹಂತ 4: ಉಡುಪು ಮತ್ತು ಜೇಬು

ಲೆದರ್ ಜಾಕೆಟ್, ಪಿನ್ನು, ಬಣ್ಣದ ಕೂದಲು ಯಾವುದೂ ಕಡ್ಡಾಯವಲ್ಲ. ಕೆಲಸದಿಂದ ನೇರವಾಗಿ ಬಂದವರು ಕಚೇರಿಯ ಅಂಗಿಯಲ್ಲೇ ನಿಂತಿರುವುದು ಸಾಮಾನ್ಯ ದೃಶ್ಯ. ಬೆವರು ಹೀರುವ ಹತ್ತಿ ಬಟ್ಟೆ ಮತ್ತು ಬೆರಳುಗಳನ್ನು ಮುಚ್ಚುವ, ಲೇಸನ್ನು ಎರಡು ಗಂಟು ಹಾಕಿ ಬಿಗಿಯಬಹುದಾದ ಬೂಟು ಸಾಕು. ಉದ್ದ ಓಲೆ, ಸರ, ಮೊನೆಯಿರುವ ಆಭರಣಗಳನ್ನು ಮನೆಯಲ್ಲೇ ಬಿಡಿ. ಬೆನ್ನುಚೀಲವನ್ನು ತರದಿರುವುದು ಮೇಲು, ಏಕೆಂದರೆ ಹಿಂದೆ ನಿಂತವರಿಗೆ ಅದು ನಿಮಗೆ ತಿಳಿಯದಂತೆಯೇ ತಾಗುತ್ತಿರುತ್ತದೆ. ಜಿಪ್ ಇರುವ ಜೇಬಿನಲ್ಲಿ ಫೋನು, ಗುರುತಿನ ಚೀಟಿ, ಮನೆಯ ಕೀಲಿ ಮತ್ತು ಒಂದಿಷ್ಟು ಚಿಲ್ಲರೆ ನಗದು ಇರಲಿ. ಸಣ್ಣ ಶೋಗಳ ಬಾಗಿಲಲ್ಲಿ ಎಲ್ಲ ಬಗೆಯ ಪಾವತಿಯೂ ನಡೆಯುತ್ತದೆಂಬ ಖಾತರಿಯಿಲ್ಲ.

ಹಂತ 5: ಬೇಗ ಹೊರಟು ಬಡಾವಣೆಯನ್ನು ನೋಡುವುದು

ಪೋಸ್ಟರ್‌ನಲ್ಲಿ ಎರಡು ಸಮಯಗಳಿದ್ದರೆ ಮೊದಲನೆಯದು ಬಾಗಿಲು ತೆರೆಯುವ ಹೊತ್ತು, ಎರಡನೆಯದು ಮೊದಲ ಬ್ಯಾಂಡ್ ನುಡಿಸಲಾರಂಭಿಸುವ ಹೊತ್ತು. ಬಾಗಿಲು ತೆರೆಯುವುದಕ್ಕೂ ಒಂದು ಗಂಟೆ ಮೊದಲೇ ಆ ಬಡಾವಣೆಗೆ ತಲುಪಿ ಎಂಬುದು ನನ್ನ ಸಲಹೆ. ಪಂಕ್ ಶೋಗಳು ನಗರದ ಹೊಳೆಯುವ ಮುಖ್ಯರಸ್ತೆಗಳಲ್ಲಿ ನಡೆಯುವುದು ಅಪರೂಪ. ಬಾಡಿಗೆ ಕಡಿಮೆಯಿರುವ ಕಡೆ, ಗೋದಾಮುಗಳ ಸಾಲಿನಲ್ಲಿ, ಹಳೆಯ ಕಾರ್ಖಾನೆಯ ಬದಿಯಲ್ಲಿ, ರೈಲು ಹಳಿಯ ಹತ್ತಿರ ಅವು ನೆಲೆ ಕಂಡುಕೊಳ್ಳುತ್ತವೆ. 1973ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಸಿಬಿಜಿಬಿ ಕ್ಲಬ್ಬು ಆಗ ಬಡವರ, ನಿರಾಶ್ರಿತರ ಬೀದಿಯಾಗಿದ್ದ ಬೌರಿಯಲ್ಲಿತ್ತು. ಅಲ್ಲಿ ನುಡಿಸುವವರು ತಮ್ಮದೇ ಹಾಡುಗಳನ್ನು ನುಡಿಸಬೇಕೆಂಬುದು ಅದರ ಒಡೆಯ ಹಿಲ್ಲಿ ಕ್ರಿಸ್ಟಲ್ ಇಟ್ಟಿದ್ದ ನಿಯಮ. ಬಾಡಿಗೆಯ ತಗಾದೆಯಲ್ಲಿ ಅದು 2006ರಲ್ಲಿ ಮುಚ್ಚಿಹೋಯಿತು. ಯಾವ ಬೀದಿಯಲ್ಲಿ ಸಂಗೀತ ಉಳಿಯುತ್ತದೆ, ಯಾವುದರಿಂದ ಎದ್ದುಹೋಗುತ್ತದೆ ಎಂಬುದರಲ್ಲಿ ನಗರದ ಜಮೀನಿನ ಬೆಲೆಯ ಕಥೆಯೂ ಇರುತ್ತದೆ.

ಆದ್ದರಿಂದ ಶೋ ನೆಪದಲ್ಲಿ ನೀವು ಬೇರೆ ಯಾವ ಕಾರಣಕ್ಕೂ ಕಾಲಿಡದ ಬಡಾವಣೆಗಳಿಗೆ ಹೋಗುತ್ತೀರಿ, ಮತ್ತು ನಗರವನ್ನು ಅರಿಯುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ನನಗೆ ತಿಳಿದಿಲ್ಲ. ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆಯಿರಿ. ಬೆಳಕಿರುವಾಗಲೇ ಶೋ ನಡೆಯುವ ಜಾಗದ ಸುತ್ತ ಒಂದು ಸುತ್ತು ಹಾಕಿದರೆ, ರಾತ್ರಿ ಮರಳುವ ದಾರಿ ಯಾವುದು, ದೀಪವಿರುವ ರಸ್ತೆ ಯಾವುದು, ತಡರಾತ್ರಿವರೆಗೆ ತೆರೆದಿರುವ ಊಟದ ಜಾಗ ಎಲ್ಲಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಹೊಟ್ಟೆಗೆ ಹಿತವಾಗುವಷ್ಟು ತಿಂದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ, ಸೆಖೆಯ ಕೋಣೆಯಲ್ಲಿ, ಮೂರು ಗಂಟೆ ನಿಲ್ಲುವುದು ತಲೆಸುತ್ತಿಗೆ ಆಹ್ವಾನ ಕೊಟ್ಟಂತೆ.

ಒಬ್ಬರೇ ಹೋಗುವುದರಲ್ಲಿ ಯಾವ ಮುಜುಗರವೂ ಇಲ್ಲ. ಜೊತೆಗಾರರಿಗಾಗಿ ಕಾಯುತ್ತ ಕೂತರೆ ಎಷ್ಟೋ ಒಳ್ಳೆಯ ಶೋಗಳು ಕೈತಪ್ಪುತ್ತವೆ, ಮತ್ತು ಒಬ್ಬರೇ ನಿಂತವರ ಬಳಿಗೆ ಬಂದು ಮಾತಾಡಿಸುವವರು ಹೆಚ್ಚು. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ನಂಬಿಕೆಯ ಒಬ್ಬರಿಗೆ ತಿಳಿಸಿ ಹೊರಡಿ.

ಹಂತ 6: ಒಳಗೆ

ಬಾಗಿಲಲ್ಲಿ ಕೊಡುವ ಹಣಕ್ಕೆ ಚೌಕಾಶಿ ಮಾಡಬೇಡಿ. ಬೇರೆ ಊರಿನಿಂದ ವ್ಯಾನಿನಲ್ಲಿ ಬಂದ ಬ್ಯಾಂಡಿನ ಪೆಟ್ರೋಲಿನ ಖರ್ಚು ಅದರಿಂದಲೇ ಹುಟ್ಟುತ್ತದೆ. ಬ್ಯಾಂಡಿನಲ್ಲಿ ಪರಿಚಯದವರಿದ್ದಾರೆಂದು ಬಿಟ್ಟಿ ಪ್ರವೇಶ ಕೇಳುವುದು ಆ ಪರಿಚಯದವರ ಜೇಬಿಗೇ ಕೈಹಾಕಿದಂತೆ. ನಿಜಕ್ಕೂ ಹಣದ ಅಡಚಣೆಯಿದ್ದರೆ ಮುಂಚಿತವಾಗಿ ಏರ್ಪಡಿಸುವವರಿಗೆ ಬರೆದು, ಬಾಗಿಲಲ್ಲಿ ಕೂರುವ ಅಥವಾ ಸಾಮಾನು ಹೊರುವ ಕೆಲಸ ಕೇಳಿ. ಕೆಲವು ಶೋಗಳಲ್ಲಿ ಆದಷ್ಟು ಕೊಡಿ ಎಂಬ ಪದ್ಧತಿಯೂ ಇರುತ್ತದೆ.

ಒಳಗೆ ಹೋದೊಡನೆ ಹೊರಬರುವ ಬಾಗಿಲುಗಳನ್ನೂ ನೀರು ಸಿಗುವ ಜಾಗವನ್ನೂ ಗುರುತಿಸಿಕೊಳ್ಳಿ. ಬಾಗಿಲು ಒಂದೇ ಇದ್ದು, ಕೋಣೆ ಕಾಲಿಡಲಾಗದಷ್ಟು ತುಂಬುತ್ತಿದ್ದರೆ ಆ ಬಾಗಿಲಿನ ಹತ್ತಿರವೇ ನಿಲ್ಲಿ. ಉಸಿರು ಕಟ್ಟಿದಂತೆ ಅನ್ನಿಸಿದರೆ ಹೊರಟುಹೋಗಿ. ಸಾಮಾನ್ಯವಾಗಿ ಶಬ್ದ ಹೊಂದಿಸುವವರು ಕೂತಿರುವ ಜಾಗದ ಆಸುಪಾಸಿನಲ್ಲಿ ಹಾಡು ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತದೆ. ಸ್ಪೀಕರ್‌ನ ಬಾಯಿಗೆ ಎದುರಾಗಿ ಎಂದೂ ನಿಲ್ಲಬೇಡಿ.

ಮೊದಲ ಬ್ಯಾಂಡ್ ನುಡಿಸುವಾಗ ಹೊರಗೆ ನಿಂತು ಹರಟುವುದು ಸಣ್ಣ ಶೋಗಳ ದೊಡ್ಡ ಕೆಡುಕು. ಆ ಬ್ಯಾಂಡಿನವರು ಬಹುಶಃ ಮೊದಲ ಸಲವೋ ಎರಡನೆಯ ಸಲವೋ ಜನರ ಮುಂದೆ ನಿಂತಿರುತ್ತಾರೆ. ಅವರ ಗಿಟಾರಿನ ಶ್ರುತಿ ತಪ್ಪಬಹುದು, ಹಾಡಿನ ನಡುವೆ ತಂತಿ ಕಡಿಯಬಹುದು, ಡ್ರಮ್ ಬಾರಿಸುವವರು ಉದ್ವೇಗದಲ್ಲಿ ಹಾಡನ್ನು ಅಭ್ಯಾಸದಲ್ಲಿದ್ದುದಕ್ಕಿಂತ ವೇಗವಾಗಿ ಒಯ್ಯಬಹುದು. ಆದರೂ ಮುಂದೆ ಹತ್ತು ಮಂದಿ ನಿಂತು ಕೇಳುತ್ತಿದ್ದರೆ ಮೂರನೆಯ ಹಾಡಿನ ಹೊತ್ತಿಗೆ ಅವರ ಹೆಗಲು ಸಡಿಲಾಗುವುದನ್ನು ಕಣ್ಣಾರೆ ಕಾಣಬಹುದು. ನ್ಯೂಯಾರ್ಕಿನ ರಮೋನ್ಸ್ ಎಂಬ ಪಂಕ್ ಬ್ಯಾಂಡಿನ 1976ರ ಮೊದಲ ಆಲ್ಬಮ್ಮಿನಲ್ಲಿ 14 ಹಾಡುಗಳಿದ್ದು ಒಟ್ಟು ಅವಧಿ ಅರ್ಧ ಗಂಟೆಯನ್ನೂ ಮುಟ್ಟುವುದಿಲ್ಲ. ಮೊದಲ ಬ್ಯಾಂಡಿಗೆ ಸಿಗುವ ಸಮಯ ಹೆಚ್ಚೆಂದರೆ ಅಷ್ಟೇ. ಅಷ್ಟು ಹೊತ್ತನ್ನು ಅವರಿಗೆ ಕೊಡುವುದು ಕಷ್ಟದ ಮಾತಲ್ಲ.

ಒಂದು ಬ್ಯಾಂಡ್ ಮುಗಿಸಿ ಇನ್ನೊಂದು ಸಜ್ಜಾಗುವ ನಡುವಿನ ಬಿಡುವು ಈ ಸಂಜೆಗಳ ಮುಖ್ಯ ಭಾಗ. ಹೊರಗಿನ ಗಾಳಿಗೆ ಬನ್ನಿ, ನೀರು ಕುಡಿಯಿರಿ, ಪಕ್ಕದವರೊಡನೆ ಮಾತಾಡಿ. ಈ ಬ್ಯಾಂಡನ್ನು ಮೊದಲು ಕೇಳಿದ್ದೀರಾ ಎಂಬ ಒಂದು ಪ್ರಶ್ನೆ ಮಾತು ಆರಂಭಿಸಲು ಸಾಕು. ಆದರೆ ಹೊರಗೆ ಕೂಗಾಡಬೇಡಿ, ನೆರೆಮನೆಯ ಮೆಟ್ಟಿಲ ಮೇಲೆ ಕೂರಬೇಡಿ, ಬಾಟಲಿ ಬಿಟ್ಟುಬರಬೇಡಿ. ಒಂದು ಜಾಗ ಶೋಗಳನ್ನು ನಿಲ್ಲಿಸಲು ನೆರೆಹೊರೆಯ ಒಂದೆರಡು ದೂರುಗಳೇ ಸಾಕಾಗುತ್ತವೆ.

ಹಂತ 7: ಪಿಟ್ ಎಂಬ ಸುಳಿ

ವೇದಿಕೆಯ ಮುಂದೆ ಜನ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತ, ಸುತ್ತುತ್ತ ಕುಣಿಯುವ ಜಾಗಕ್ಕೆ ಪಿಟ್ ಎನ್ನುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಹೊಡೆದಾಟದಂತೆ ಕಾಣುತ್ತದೆ, ಆದರೆ ಒಳಗೆ ಅದಕ್ಕೆ ತನ್ನದೇ ಶಿಸ್ತಿದೆ. ಅದರಲ್ಲಿ ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ಮೊದಲ ಕೆಲವು ಶೋಗಳಲ್ಲಿ ಬದಿಯಲ್ಲಿ ನಿಂತು ನೋಡಿ. ಸಂಗೀತ ಯಾವಾಗ ವೇಗ ಪಡೆಯುತ್ತದೆ, ಆಗ ಜನ ಹೇಗೆ ಹಿಂದೆ ಸರಿದು ಜಾಗ ಬಿಡುತ್ತಾರೆ, ಸುತ್ತುವವರು ಯಾವ ದಿಕ್ಕಿಗೆ ಓಡುತ್ತಾರೆ ಎಂಬುದು ಅರ್ಥವಾಗುತ್ತದೆ.

ಎಲ್ಲಕ್ಕಿಂತ ಮೇಲಿನ ನಿಯಮ ಬಿದ್ದವರನ್ನು ಎತ್ತುವುದು. ಯಾರಾದರೂ ಬಿದ್ದ ಕ್ಷಣದಲ್ಲಿ ಹತ್ತಿರದ ಇಬ್ಬರು ಮೂವರು ಬೆನ್ನು ತಿರುಗಿಸಿ ಕೈಚಾಚಿ ಓಡುವವರನ್ನು ತಡೆಯುತ್ತಾರೆ, ಇನ್ನಿಬ್ಬರು ಬಿದ್ದವರ ಕಂಕುಳಿಗೆ ಕೈಕೊಟ್ಟು ಒಂದೇ ಎಳೆತಕ್ಕೆ ನಿಲ್ಲಿಸುತ್ತಾರೆ, ಒಬ್ಬರು ಮುಖ ನೋಡಿ ಹೆಬ್ಬೆರಳೆತ್ತಿ ಸರಿಯಿದ್ದೀರಾ ಎಂದು ಕೇಳುತ್ತಾರೆ, ಉತ್ತರಕ್ಕೆ ಬಿದ್ದವರೂ ಹೆಬ್ಬೆರಳೆತ್ತಿದ ಮೇಲೆಯೇ ಕುಣಿತ ಮತ್ತೆ ಸೇರಿಕೊಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ಮೂರು ನಾಲ್ಕು ಸೆಕೆಂಡುಗಳಲ್ಲಿ, ಯಾರೂ ಯಾರಿಗೂ ಅಪ್ಪಣೆ ಕೊಡದೆ. ನೀವು ಆ ವರ್ತುಲದ ಅಂಚಿನಲ್ಲಿ ನಿಂತಿದ್ದರೂ ಈ ಕೆಲಸ ನಿಮ್ಮದೂ ಹೌದು. ಬೂಟಿನ ಲೇಸು ಕಟ್ಟಲು ಬಗ್ಗಿದವರನ್ನು, ನೆಲದಲ್ಲಿ ಕನ್ನಡಕ ಹುಡುಕುವವರನ್ನು ಹೀಗೆಯೇ ಸುತ್ತುಗಟ್ಟಿ ಕಾಯಬೇಕು.

ಸೇರುವುದಾದರೆ ಕೈಗಳನ್ನು ಎದೆಯ ಮುಂದೆ ಮಡಿಸಿಕೊಂಡಿರಿ, ಮೊಣಕೈಯನ್ನು ಮುಖದ ಮಟ್ಟಕ್ಕೆ ಏರಿಸಬೇಡಿ, ಮುಷ್ಟಿ ಬೀಸಬೇಡಿ. ಹೆಗಲಿನಿಂದ ತಳ್ಳುವುದಾದರೂ ಕುಣಿಯುತ್ತಿರುವವರನ್ನಷ್ಟೇ ತಳ್ಳಿ. ಬದಿಯಲ್ಲಿ ನಿಂತು ಕೇಳುತ್ತಿರುವವರನ್ನು ಎಳೆದುಕೊಳ್ಳುವುದು ಅಕ್ಷಮ್ಯ. ಹಾರ್ಡ್‌ಕೋರ್ ಶೋಗಳಲ್ಲಿ ಕೈಕಾಲು ಬೀಸಿ ಕುಣಿಯುವ ಶೈಲಿಯೊಂದಿದೆ. ಅದು ನಡೆಯುವಾಗ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ವೇದಿಕೆಯಿಂದ ಜನರ ಮೇಲೆ ಹಾರುವ ಆಸೆಯಿದ್ದರೆ, ಕೆಳಗೆ ನಿಮ್ಮನ್ನು ನೋಡುತ್ತಿರುವ, ಕೈ ಎತ್ತಿರುವ, ಒತ್ತಾಗಿ ನಿಂತಿರುವ ಜನರಿದ್ದಾರೆಯೇ ಎಂದು ನೋಡಿ, ಇಲ್ಲವಾದರೆ ಹಾರಬೇಡಿ. ಏನನ್ನೂ ಎಸೆಯಬೇಡಿ. 1976ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ 100 ಕ್ಲಬ್ಬಿನಲ್ಲಿ ನಡೆದ ಪಂಕ್ ಉತ್ಸವದಲ್ಲಿ ಯಾರೋ ಎಸೆದ ಗಾಜಿನ ಲೋಟ ಒಡೆದು ಒಬ್ಬ ಯುವತಿಯ ಕಣ್ಣಿಗೆ ತೀವ್ರ ಗಾಯವಾಯಿತು.

ಪಿಟ್ಟಿನ ಹೆಸರಿನಲ್ಲಿ ಹೆಣ್ಣುಮಕ್ಕಳ ಮೈಮುಟ್ಟುವವರು, ದೊಡ್ಡ ಮೈಯ ಬಲದಿಂದ ಸಣ್ಣವರನ್ನು ಗುರಿಮಾಡುವವರು ಎಲ್ಲ ಕಡೆಯೂ ಕಂಡುಬರುತ್ತಾರೆ, ಮತ್ತು ಇದನ್ನು ಪಂಕ್‌ನ ಸಹಜ ಗುಣವೆಂದು ಸಹಿಸಬೇಕಾಗಿಲ್ಲ. ಫುಗಾಜಿ ಬ್ಯಾಂಡಿನವರು ಹಾಡು ನಿಲ್ಲಿಸಿ, ಒರಟಾಟ ಮಾಡುವವರನ್ನು ಗುರುತಿಸಿ ಗದರಿ, ಅವರ ಟಿಕೆಟ್ ಹಣ ವಾಪಸು ಕೊಟ್ಟು ಹೊರಗೆ ಕಳುಹಿಸುತ್ತಿದ್ದರು. ಬಿಕಿನಿ ಕಿಲ್ ಬ್ಯಾಂಡಿನ ಕ್ಯಾಥ್ಲೀನ್ ಹ್ಯಾನಾ 1990ರ ದಶಕದಲ್ಲಿ ಹುಡುಗಿಯರೆಲ್ಲ ಮುಂದೆ ಬನ್ನಿ ಎಂದು ಕರೆದು, ಗಂಡಸರನ್ನು ಹಿಂದೆ ಸರಿಸಿ, ವೇದಿಕೆಯ ಮುಂದಿನ ಜಾಗವನ್ನು ಹೆಣ್ಣುಮಕ್ಕಳಿಗೆ ಬಿಡಿಸಿಕೊಡುತ್ತಿದ್ದರು. ನಿಮಗೆ ಅಥವಾ ಪಕ್ಕದವರಿಗೆ ಕಿರುಕುಳವಾದರೆ ಬಾಗಿಲಲ್ಲಿರುವವರಿಗೆ, ಶಬ್ದ ನೋಡಿಕೊಳ್ಳುವವರಿಗೆ ಅಥವಾ ನೇರವಾಗಿ ಬ್ಯಾಂಡಿಗೇ ಹೇಳಿ. ಒಳ್ಳೆಯ ಶೋ ನಡೆಸುವವರು ಕೂಡಲೇ ಮಧ್ಯೆ ಬರುತ್ತಾರೆ. ಬಾರದವರ ಶೋಗೆ ಮತ್ತೆ ಹೋಗಬೇಡಿ, ಕಾರಣವನ್ನು ಇತರರಿಗೂ ತಿಳಿಸಿ.

ಫೋನಿನ ಬಗ್ಗೆ ಚಿಕ್ಕ ಮಾತು: ಒಂದೆರಡು ಚಿತ್ರ ತೆಗೆದು ಜೇಬಿಗಿಳಿಸಿ. ಕತ್ತಲ ಕೋಣೆಯಲ್ಲಿ ಫ್ಲ್ಯಾಶ್ ಬೆಳಗಿಸಬೇಡಿ, ಪ್ರೇಕ್ಷಕರ ಮುಖ ಸ್ಪಷ್ಟವಾಗಿ ಕಾಣುವ ಚಿತ್ರವನ್ನು ಕೇಳದೆ ಹಂಚಬೇಡಿ.

ಹಂತ 8: ಮಾರಾಟದ ಮೇಜು

ಕೋಣೆಯ ಮೂಲೆಯಲ್ಲಿ ಮಡಿಸುವ ಮೇಜಿನ ಮೇಲೆ ಟಿ-ಶರ್ಟ್, ಕ್ಯಾಸೆಟ್, ರೆಕಾರ್ಡ್, ಬಟ್ಟೆಯ ತೇಪೆ, ಬ್ಯಾಡ್ಜ್‌ಗಳನ್ನು ಹರಡಿಕೊಂಡು ಬ್ಯಾಂಡಿನವರೇ ಕೂತಿರುತ್ತಾರೆ. ಹಾಡನ್ನು ಫೋನಿನಲ್ಲಿ ಎಷ್ಟು ಸಲ ಕೇಳಿದರೂ ಆ ಬ್ಯಾಂಡಿಗೆ ಸಿಗುವುದು ಅತ್ಯಲ್ಪ. ಇಲ್ಲಿ ಕೊಂಡ ಒಂದು ಟಿ-ಶರ್ಟಿನ ಹಣ ನೇರವಾಗಿ ಅವರ ಕೈಸೇರುತ್ತದೆ. 1980ರಲ್ಲಿ ವಾಷಿಂಗ್ಟನ್ನಿನಲ್ಲಿ ಆರಂಭವಾದ ಡಿಸ್ಕಾರ್ಡ್ ರೆಕಾರ್ಡ್ಸ್ ಕೂಡ ತಮ್ಮದೇ ಊರಿನ ಬ್ಯಾಂಡಿನ ಒಂದು ಸಣ್ಣ ರೆಕಾರ್ಡನ್ನು ತಾವೇ ಹೊರತರಲು ಹೊರಟವರ ಕೆಲಸ. ಕೊಳ್ಳಲು ಹಣವಿಲ್ಲದಿದ್ದರೆ ಯಾವ ಹಾಡು ಹಿಡಿಸಿತು ಎಂದು ಹೆಸರು ಹಿಡಿದು ಹೇಳಿ. ಚೆನ್ನಾಗಿತ್ತು ಎಂಬ ಸಾಮಾನ್ಯ ಮಾತಿಗಿಂತ, ಎರಡನೆಯ ಹಾಡಿನ ಕೊನೆಯಲ್ಲಿ ಡ್ರಮ್ ಒಂದೇ ಉಳಿದದ್ದು ಚೆನ್ನಾಗಿತ್ತು ಎಂಬ ಮಾತು ಅವರನ್ನು ತಲುಪುತ್ತದೆ.

ಹಂತ 9: ಮರಳುವ ದಾರಿ

ಕೊನೆಯ ರೈಲು ಅಥವಾ ಬಸ್ಸಿನ ಸಮಯವನ್ನು ಮನೆಯಿಂದ ಹೊರಡುವ ಮುನ್ನವೇ ಬರೆದಿಟ್ಟುಕೊಳ್ಳಿ, ಮತ್ತು ಅದು ತಪ್ಪಿದರೆ ಏನು ಮಾಡುವಿರಿ ಎಂಬುದನ್ನೂ ತೀರ್ಮಾನಿಸಿಕೊಳ್ಳಿ. ಶೋಗಳು ತಡವಾಗಿಯೇ ಮುಗಿಯುತ್ತವೆ. ಅದೇ ದಿಕ್ಕಿಗೆ ಹೋಗುವವರು ಯಾರಿದ್ದಾರೆಂದು ಕೊನೆಯ ಬ್ಯಾಂಡಿಗಿಂತ ಮೊದಲೇ ಕೇಳಿಕೊಂಡರೆ ಜೊತೆ ಸಿಗುತ್ತದೆ. ಬೆವರಿನಲ್ಲಿ ತೊಯ್ದ ಮೈಗೆ ರಾತ್ರಿಯ ಗಾಳಿ ಥಟ್ಟನೆ ತಾಗುವುದರಿಂದ ತೆಳುವಾದ ಮೇಲಂಗಿಯೊಂದು ಸೊಂಟಕ್ಕೆ ಕಟ್ಟಿಕೊಂಡಿರಲಿ. ಕುಡಿದಿದ್ದರೆ ವಾಹನ ಮುಟ್ಟಬೇಡಿ. ಕುಡಿದ ಗೆಳೆಯರನ್ನು ಒಬ್ಬರೇ ಬಿಟ್ಟು ಬರಬೇಡಿ.

ಹಂತ 10: ಮುಂದಿನ ವಾರ, ಅದರ ಮುಂದಿನ ವಾರ

ಒಂದು ಶೋ ನೋಡಿ ತೀರ್ಪು ಕೊಡಬೇಡಿ. ತಿಂಗಳಿಗೆ ಎರಡು ಸಲವಾದರೂ ಹೋಗುವ ರೂಢಿ ಇಟ್ಟುಕೊಂಡರೆ, ಮೂರನೆಯ ನಾಲ್ಕನೆಯ ಬಾರಿಗೆ ಬಾಗಿಲಲ್ಲಿ ಕೂತವರು ನಿಮ್ಮನ್ನು ಗುರುತಿಸುತ್ತಾರೆ, ಹಿಂದಿನ ಶೋನಲ್ಲಿ ಪಕ್ಕದಲ್ಲಿ ನಿಂತಿದ್ದವರು ತಾವಾಗಿ ತಲೆಯಾಡಿಸುತ್ತಾರೆ. ದೊಡ್ಡ ನಗರದ ಒಂಟಿತನಕ್ಕೆ ಈ ಪರಿಚಯಗಳು ಕೊಡುವ ಉಪಶಮನ ಸಣ್ಣದಲ್ಲ. ಹೀಗೆ ಸಿಕ್ಕವರಿಂದ ನಗರದ ಇತರ ಬಾಗಿಲುಗಳೂ ತೆರೆಯುತ್ತವೆ: ಯಾರೋ ಝೀನ್ ಎಂಬ ಕೈಯಿಂದ ಮಾಡುವ ಪುಟ್ಟ ಪತ್ರಿಕೆಗಳನ್ನು ಹೊಲಿಯುವ ಭಾನುವಾರದ ಕೂಟಕ್ಕೆ ಕರೆಯುತ್ತಾರೆ, ಇನ್ಯಾರೋ ಬೈಸಿಕಲ್ ರಿಪೇರಿ ಕಲಿಸುವ ಸಹಕಾರಿ ಅಂಗಡಿಯನ್ನು ತೋರಿಸುತ್ತಾರೆ, ಮತ್ತೊಬ್ಬರು ನಿರಾಶ್ರಿತರಿಗೆ ಊಟ ಬಡಿಸುವ ಗುಂಪಿಗೆ ಸೇರಿಸಿಕೊಳ್ಳುತ್ತಾರೆ. ಕರೆದಾಗ ಹೋಗಿ. ಶೋ ಇಲ್ಲದ ಸಂಜೆಗಳನ್ನೂ ನಗರಕ್ಕೆ ಕೊಡಿ. ಸಾರ್ವಜನಿಕ ಗ್ರಂಥಾಲಯ, ಉದ್ಯಾನ, ಹಳೆಯ ಚಿತ್ರಮಂದಿರ, ಗೋಡೆಚಿತ್ರಗಳಿರುವ ಓಣಿ, ಇವೆಲ್ಲವೂ ಹೆಚ್ಚು ಹಣ ಕೇಳದ ಜಾಗಗಳು.

ಕೆಲವು ತಿಂಗಳು ಕಳೆದ ಮೇಲೆ ಕೈಜೋಡಿಸಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1986ರ ಡಿಸೆಂಬರ್ 31ರಂದು ಆರಂಭವಾದ 924 ಗಿಲ್‌ಮನ್ ಸ್ಟ್ರೀಟ್ ಎಂಬ ಜಾಗವನ್ನು ಸ್ವಯಂಸೇವಕರೇ ನಡೆಸುತ್ತ ಬಂದಿದ್ದಾರೆ. ಎಲ್ಲ ವಯಸ್ಸಿನವರಿಗೂ ಪ್ರವೇಶವಿರುವ ಅಲ್ಲಿ ಮದ್ಯ, ಮಾದಕವಸ್ತು, ಹಿಂಸೆ, ಜನಾಂಗದ್ವೇಷ, ಲಿಂಗಭೇದ ಯಾವುದಕ್ಕೂ ಅವಕಾಶವಿಲ್ಲವೆಂಬ ನಿಯಮಗಳಿವೆ. ಅಂಥ ಜಾಗ ನಿಮ್ಮ ನಗರದಲ್ಲಿದ್ದರೆ ಅದಕ್ಕೆ ಬೇಕಾಗಿರುವುದು ಹೆಚ್ಚಾಗಿ ಸಾಧಾರಣ ಕೆಲಸದ ಕೈಗಳು: ಬಾಗಿಲಲ್ಲಿ ಹಣ ಎಣಿಸುವವರು, ಪೋಸ್ಟರ್ ಅಂಟಿಸುವವರು, ಶೋ ಮುಗಿದ ಮೇಲೆ ನೆಲ ಗುಡಿಸುವವರು, ಹೊರ ಊರಿನ ಬ್ಯಾಂಡಿಗೆ ಒಂದು ರಾತ್ರಿ ಮಲಗಲು ಜಾಗ ಕೊಡುವವರು. ಸಾಮಾನು ಹೊರಲು ನೆರವಾಗುವುದಾದರೆ ಮೊದಲು ಅದರ ಒಡೆಯರನ್ನು ಕೇಳಿ. ಆಂಪ್ಲಿಫೈಯರನ್ನು ವೈರಿನಿಂದ ಎಳೆಯದೆ ಹಿಡಿಯಿಂದಲೇ ಎತ್ತಿ, ಭಾರದ ಸ್ಪೀಕರ್ ಪೆಟ್ಟಿಗೆಗೆ ಇಬ್ಬರು ಬೇಕು, ಮೆಟ್ಟಿಲಿನಲ್ಲಿ ಬಲವಿರುವವರು ಕೆಳಗಿನ ತುದಿಯನ್ನು ಹಿಡಿಯಬೇಕು. ಡ್ರಮ್ಮಿನ ಸ್ಟ್ಯಾಂಡ್‌ಗಳನ್ನು ಮಾತ್ರ ಅದನ್ನು ಬಾರಿಸುವವರೇ ಬಿಚ್ಚಲಿ; ನೀವು ವ್ಯಾನಿನ ಬಾಗಿಲು ಹಿಡಿದು ನಿಂತರೆ ಸಾಕು.